‘ಗೂಗಲ್ ಮಾಡಿ ನೋಡಿ’ ಎಂದ ಕೋಚ್ ಮತ್ತು ನಮ್ಮ ಕ್ಯಾಂಪಸ್ ಸೆಲೆಕ್ಷನ್

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ 2023ರ ನವೆಂಬರ್ ಕೊನೆಯಲ್ಲಿ ಹೊಸ ಮುಖ್ಯ ಕೋಚ್ ನೇಮಕವಾಯಿತು. ಹೆಸರು ಕರ್ಟ್ ಸಿಗ್ನೆಟ್ಟಿ, ವಯಸ್ಸು 62. ಕೆಲವೇ ವಾರಗಳ ನಂತರ ಪತ್ರಿಕಾಗೋಷ್ಠಿಯೊಂದರಲ್ಲಿ, ನಿಮ್ಮನ್ನು ನಂಬಿ ಈ ತಂಡಕ್ಕೆ ಬರುವಂತೆ ಹುಡುಗರನ್ನು ಹೇಗೆ ಒಪ್ಪಿಸುತ್ತೀರಿ ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಉತ್ತರ ಒಂದೇ ಉಸಿರಿನದು: ‘ತುಂಬ ಸರಳ. ನಾನು ಗೆಲ್ಲುತ್ತೇನೆ. ಗೂಗಲ್ ಮಾಡಿ ನೋಡಿ.’

ಈ ತುಣುಕು ರೀಲ್‌ಗಳಲ್ಲಿ ಸಾಕಷ್ಟು ಸುತ್ತಿದೆ. ಹಿನ್ನೆಲೆಯಲ್ಲಿ ಡ್ರಮ್ ಸದ್ದು, ಕೆಳಗೆ ಆತ್ಮವಿಶ್ವಾಸದ ಬಗ್ಗೆ ಎರಡು ಸಾಲು. ಆ ರೀಲ್ ಮಾಡುವವರ ಮೇಲೆ ನನ್ನದೊಂದು ತಕರಾರಿದೆ. ಅವರೆಲ್ಲ ‘ನಾನು ಗೆಲ್ಲುತ್ತೇನೆ’ ಎಂಬ ಮಾತಿಗೆ ಮರುಳಾಗಿದ್ದಾರೆ. ಆ ಮಾತನ್ನು ಯಾರು ಬೇಕಾದರೂ ಹೇಳಬಹುದು. ನಮ್ಮ ಹಾಸ್ಟೆಲ್‌ನಲ್ಲಿ ಸೆಮಿಸ್ಟರ್ ಶುರುವಾಗುವಾಗ ಹತ್ತು ಮಂದಿಯಾದರೂ ಹೇಳುತ್ತಾರೆ. ‘ಗೂಗಲ್ ಮಾಡಿ ನೋಡಿ’ ಎನ್ನುವುದು ಕಷ್ಟ. ಹುಡುಕಿದವರಿಗೆ ಅಲ್ಲಿ ಏನಾದರೂ ಸಿಗಬೇಕಲ್ಲ!

ಸಿಗ್ನೆಟ್ಟಿ ವಿಷಯದಲ್ಲಿ ಏನು ಸಿಗುತ್ತಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಆಟ, ಈ ತಂಡದ ಬಗ್ಗೆ ನಾಲ್ಕು ಮಾತು.

ಇದು ನಮ್ಮ ಕಾಲ್ಚೆಂಡು ಅಲ್ಲ. ಎರಡೂ ಕಡೆ ಹನ್ನೊಂದು ಮಂದಿ, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ, ಕೈಯಲ್ಲಿ ಎರಡೂ ತುದಿ ಚೂಪಾದ ಚೆಂಡು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಇನ್ನೂ ನಾಲ್ಕು ಯತ್ನ ಸಿಗುತ್ತದೆ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಚೆಂಡನ್ನು ಹಿಡಿದು, ಯಾರಿಗೆ ಎಸೆಯಬೇಕು ಎಂದು ಮೂರು ಸೆಕೆಂಡಿನಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಅಮೆರಿಕದಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಐವತ್ತು ಸಾವಿರ, ಲಕ್ಷ ಜನ ಸೇರುತ್ತಾರೆ. ನಮ್ಮಲ್ಲಿ ವಿಟಿಯು ಅಂತರ ಕಾಲೇಜು ಪಂದ್ಯ ನೋಡಲು ಬರುವವರು ಅಟೆಂಡೆನ್ಸ್ ಸಿಗುತ್ತದೆಯೇ ಎಂದು ಕೇಳಿಕೊಂಡು ಬರುತ್ತಾರೆ. ಆ ಜನಸಾಗರವನ್ನು ಊಹಿಸಿಕೊಳ್ಳುವುದೂ ನಮಗೆ ಕಷ್ಟವೇ.

ಅಂಥ ದೇಶದಲ್ಲಿ ಇಂಡಿಯಾನಾ ಎಂದರೆ ಸೋಲಿನ ಇನ್ನೊಂದು ಹೆಸರು. ಅಲ್ಲಿನವರಿಗೆ ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಫುಟ್‌ಬಾಲ್ ಇದ್ದೂ ಇಲ್ಲದ ಹಾಗೆ. ದೊಡ್ಡ ಮಟ್ಟದಲ್ಲಿ ಆಡುವ ಕಾಲೇಜುಗಳಲ್ಲಿ ಅತಿ ಹೆಚ್ಚು ಸೋತ ತಂಡ ಎಂಬ ದಾಖಲೆ ಅದರದ್ದಾಗಿತ್ತು, 700ಕ್ಕೂ ಹೆಚ್ಚು ಸೋಲು. ಒಂದು ಸೀಸನ್‌ನಲ್ಲಿ ಅದು ಗೆದ್ದ ಅತಿ ಹೆಚ್ಚು ಪಂದ್ಯ ಒಂಬತ್ತು, ಅದೂ 1945 ಮತ್ತು 1967ರಲ್ಲಿ. 2021ರಲ್ಲಿ ಗೆದ್ದದ್ದು ಎರಡು, 2022ರಲ್ಲಿ ನಾಲ್ಕು, 2023ರಲ್ಲಿ ಮೂರು. ಮೂರು ವರ್ಷ ಕೂಡಿಸಿದರೆ ಒಂಬತ್ತು. ಹಳೆಯ ಕೋಚ್‌ನನ್ನು ಕರಾರು ಮುಗಿಯುವ ಮೊದಲೇ ಕಳಿಸಲು ವಿಶ್ವವಿದ್ಯಾಲಯ 1.55 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. 2024ರ ಸೀಸನ್‌ಗೆ ಮುನ್ನ ಪತ್ರಕರ್ತರು ‘ಬಿಗ್ ಟೆನ್’ ಲೀಗ್‌ನ 18 ತಂಡಗಳಲ್ಲಿ ಇಂಡಿಯಾನಾಗೆ ಕೊಟ್ಟ ಜಾಗ ಹದಿನೇಳನೆಯದು. (ಹೆಸರು ಬಿಗ್ ಟೆನ್, ತಂಡಗಳು ಹದಿನೆಂಟು. ಇದನ್ನು ಯಾರೂ ಅಲ್ಲಿ ವಿಚಿತ್ರ ಅಂದುಕೊಳ್ಳುವುದಿಲ್ಲ.)

ಆಮೇಲೆ ಆಟ ಶುರುವಾಯಿತು. ಲಾಸ್ ಏಂಜಲೀಸ್ ಕಡೆಯ ಯುಸಿಎಲ್‌ಎ ವಿರುದ್ಧ ಅವರದೇ ಅಂಗಳದಲ್ಲಿ 42-13. ನೆಬ್ರಾಸ್ಕಾ ವಿರುದ್ಧ 56-7. ನವೆಂಬರ್ 2ರವರೆಗೆ ಇಂಡಿಯಾನಾ ಯಾವ ಪಂದ್ಯದಲ್ಲೂ ಒಂದು ನಿಮಿಷಕ್ಕೂ ಅಂಕದಲ್ಲಿ ಹಿಂದೆ ಬಿದ್ದಿರಲಿಲ್ಲ. ಆ ದಿನ ಮಿಶಿಗನ್ ಸ್ಟೇಟ್ ತಂಡ 10-0 ಮುನ್ನಡೆ ಪಡೆದಾಗ, ಓಹೋ, ಇನ್ನು ಗುಳ್ಳೆ ಒಡೆಯಿತು ಎಂದುಕೊಂಡವರಿದ್ದರು. ಅಲ್ಲಿಂದ ಇಂಡಿಯಾನಾ ಸತತ 47 ಅಂಕ ಗಳಿಸಿತು, ಎದುರಾಳಿಗೆ ಇನ್ನೊಂದು ಅಂಕ ಬಿಡಲಿಲ್ಲ. ಮುಂದಿನ ವಾರ, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಿಶಿಗನ್ ವಿರುದ್ಧ 20-15. ಹತ್ತಕ್ಕೆ ಹತ್ತು! ಆ ತಂಡದ ಶತಮಾನದ ಇತಿಹಾಸದಲ್ಲಿ ಒಂದು ಸೀಸನ್‌ನಲ್ಲಿ ಹತ್ತನೇ ಗೆಲುವು ಎಂಬುದು ಅದೇ ಮೊದಲು.

ಲೀಗ್ ಹಂತದ ಕೊನೆಯ ಪಂದ್ಯ ಪಕ್ಕದ ಪರ್ಡ್ಯೂ ವಿರುದ್ಧ. ಪರ್ಡ್ಯೂ ಎಂಬ ಹೆಸರು ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಹೊಸದಲ್ಲ. ಎಂಎಸ್‌ಗೆ ಅರ್ಜಿ ಹಾಕುವವರ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ. ಈ ಎರಡು ವಿಶ್ವವಿದ್ಯಾಲಯಗಳು 1925ರಿಂದ ಓಕ್ ಮರದ ಒಂದು ಹಳೇ ಬಕೆಟ್‌ಗಾಗಿ ಕಾದಾಡುತ್ತಿವೆ. ಟ್ರೋಫಿ ಎಂದರೆ ನಿಜವಾಗಿಯೂ ಬಾವಿಯಿಂದ ನೀರು ಸೇದುವ ಬಕೆಟ್. ಅದಕ್ಕೂ ಮುಂಚಿನ ಮೂರು ವರ್ಷ ಅದು ಪರ್ಡ್ಯೂ ಕೈಯಲ್ಲೇ ಇತ್ತು. ನಮ್ಮ ದೊಡ್ಡಮ್ಮನ ಮಗ ಅಲ್ಲೇ ಓದುತ್ತಿದ್ದಾನೆ. ಮಾರನೇ ದಿನ ಫೋನ್ ಮಾಡಿದಾಗ ‘ಏನಣ್ಣಾ ಮ್ಯಾಚು?’ ಎಂದು ಕೇಳಿದೆ. ‘ಅರವತ್ತಾರು-ಸೊನ್ನೆ ಮಾರಾಯ. ಕಬಡ್ಡಿಯಲ್ಲೂ ಇಷ್ಟು ಬಿಟ್ಟುಕೊಡಲ್ಲ’ ಎಂದ. ನನಗೆ ಈ ಇಂಡಿಯಾನಾ ಕಥೆಯ ಹುಚ್ಚು ಹಿಡಿಸಿದ್ದು ಸೋತ ಕಡೆಯ ಆ ಫೋನೇ.

ಹೊಸ ಕೋಚ್ ಬಂದ, ಮಂತ್ರದಂಡ ಬೀಸಿದ, ಸೋಲುವವರು ಗೆಲ್ಲುವವರಾದರು. ಸಿನಿಮಾಕ್ಕೆ ಈ ಕಥೆ ಚೆನ್ನಾಗಿದೆ. ಆದರೆ ಆ ಸೀಸನ್‌ನ ಅಡುಗೆ ನಡೆದದ್ದು ಇಂಡಿಯಾನಾದಲ್ಲಿ ಅಲ್ಲ. ಬೇರೆ ಎಲ್ಲೆಲ್ಲೋ ಸಣ್ಣ ಒಲೆಗಳ ಮೇಲೆ ಬೆಂದು, 2024ರಲ್ಲಿ ಇಲ್ಲಿ ಎಲೆ ಹಾಕಿ ಬಡಿಸಿದ್ದು ಅಷ್ಟೇ. ಸಿಗ್ನೆಟ್ಟಿಯನ್ನು ನಿಜವಾಗಿ ಗೂಗಲ್ ಮಾಡಿದರೆ ಸಿಗುವುದು ಇದು.

2007ರಿಂದ 2010ರವರೆಗೆ ಅವರು ಅಲಬಾಮಾದಲ್ಲಿ ನಿಕ್ ಸೇಬನ್ ಅವರ ಕೈಕೆಳಗೆ ಸಹಾಯಕ ಕೋಚ್ ಆಗಿದ್ದರು. ಆ ಅವಧಿಯಲ್ಲಿ ಅಲಬಾಮಾ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಟದ ಲೋಕದಲ್ಲಿ ಅದಕ್ಕಿಂತ ಒಳ್ಳೆಯ ವಿಳಾಸ ಇರಲಿಲ್ಲ. ಅದನ್ನು ಬಿಟ್ಟು, ಐವತ್ತರ ಹೊಸ್ತಿಲಲ್ಲಿ, ಕಡಿಮೆ ಸಂಬಳಕ್ಕೆ ಅವರು ಹೋದದ್ದು ಪೆನ್ಸಿಲ್ವೇನಿಯಾದ ಒಂದು ಎರಡನೇ ದರ್ಜೆ ತಂಡಕ್ಕೆ ಮುಖ್ಯ ಕೋಚ್ ಆಗಿ. ತಮಾಷೆಯೆಂದರೆ ಅದು ಇದ್ದ ಊರಿನ ಹೆಸರೂ ಇಂಡಿಯಾನಾ! ಅವರ ತಂದೆ ಹಿಂದೆ ಕೋಚ್ ಆಗಿದ್ದ ಜಾಗವೂ ಹೌದು. ಅಲ್ಲಿ ಆರು ವರ್ಷ. ನಂತರ ನಾರ್ತ್ ಕೆರೊಲಿನಾದ ಈಲಾನ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ. ಆಮೇಲೆ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್‌ನಲ್ಲಿ ಐದು ವರ್ಷ, 52 ಗೆಲುವು, 9 ಸೋಲು. ಮುಖ್ಯ ಕೋಚ್ ಆದ ಮೇಲೆ ಒಂದೇ ಒಂದು ಸೀಸನ್‌ನಲ್ಲೂ ಅವರ ತಂಡದ ಸೋಲುಗಳು ಗೆಲುವುಗಳನ್ನು ಮೀರಿಲ್ಲ. ಹದಿಮೂರು ವರ್ಷ ಟಿವಿಯವರು ಹೆಚ್ಚು ತಲೆ ಕೆಡಿಸಿಕೊಳ್ಳದ ಊರುಗಳಲ್ಲಿ ಇದೆಲ್ಲ ನಡೆಯಿತು. ಕಾಣಿಸದ ಜಾಗದಲ್ಲಿ ಮಾಡಿದ ಕೆಲಸ ದಾಖಲೆಯಾಗಿ ಉಳಿದಿತ್ತು, ಅದನ್ನು ಯಾರೋ ಒಬ್ಬರು ಕೂತು ಓದಿದರು.

ಇಂಡಿಯಾನಾಗೆ ಬಂದ ಮೇಲೆ ಸಿಗ್ನೆಟ್ಟಿ ಆಟಗಾರರನ್ನೂ ಹೀಗೇ ಓದಿದರು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಈಗ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವ್ಯವಸ್ಥೆ ಇದೆ. ಕಾಲೇಜು ಬದಲಿಸಬೇಕೆನ್ನುವ ಆಟಗಾರ ಅದರಲ್ಲಿ ಹೆಸರು ಹಾಕುತ್ತಾನೆ, ಬೇಕಾದವರು ಕರೆಯುತ್ತಾರೆ. ಮೊದಲೆಲ್ಲ ಹೀಗೆ ಹೋದವನು ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. 2021ರಿಂದ ಆ ಕಟ್ಟುಪಾಡು ಸಡಿಲವಾಯಿತು. ಜೇಮ್ಸ್ ಮ್ಯಾಡಿಸನ್‌ನಿಂದಲೇ 13 ಆಟಗಾರರು ತಮ್ಮ ಕೋಚ್ ಹಿಂದೆ ಬಂದರು. ಹುಡುಗನನ್ನು ಆರಿಸುವಾಗ ಮುಂದೆ ಏನಾಗಬಹುದು ಎಂಬುದಕ್ಕಿಂತ ಇಲ್ಲಿಯವರೆಗೆ ಏನು ಮಾಡಿದ್ದಾನೆ ಎಂಬುದೇ ಮುಖ್ಯ ಎನ್ನುವುದು ಸಿಗ್ನೆಟ್ಟಿ ಪದೇ ಪದೇ ಹೇಳುವ ಮಾತು.

ಅವರು ಆರಿಸಿದವರು ಯಾರು ನೋಡಿ. ಇಲೈಜಾ ಸರಾಟ್ ಎಂಬ ರಿಸೀವರ್ ಮೊದಲು ಆಡಿದ್ದು ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಎಂಬ ಸಣ್ಣ ಕಾಲೇಜಿಗೆ. ಅಲ್ಲಿಂದ ಜೇಮ್ಸ್ ಮ್ಯಾಡಿಸನ್, ಅಲ್ಲಿಂದ ಇಂಡಿಯಾನಾ. ಡಿಏಂಜೆಲೊ ಪಾಂಡ್ಸ್ ಎಂಬ ರಕ್ಷಣಾ ಆಟಗಾರನ ಎತ್ತರ ಐದಡಿ ಒಂಬತ್ತಿಂಚು. ಎತ್ತರದ ಪಟ್ಟಿ ಹಿಡಿದು ಆರಿಸುವವರ ಕಣ್ಣಿಗೆ ಬೀಳುವವನೇ ಅಲ್ಲ. ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್ ಕೆನಡಾದವನು, ಸಾಧಾರಣ ಲೀಗ್‌ನ ಓಹಾಯೋ ವಿಶ್ವವಿದ್ಯಾಲಯದಲ್ಲಿ ಆಡಿಕೊಂಡಿದ್ದವನು. 2024ರಲ್ಲಿ ಈತ 29 ಟಚ್‌ಡೌನ್ ಪಾಸ್ ಎಸೆದ. ಸೀಸನ್ ಮುಗಿದ ಮೇಲೆ ಗೊತ್ತಾದದ್ದು ಇನ್ನೂ ದೊಡ್ಡದು. ಆಗಸ್ಟ್‌ನಲ್ಲೇ ಮೊಣಕಾಲಿನ ಎಸಿಎಲ್ ಹರಿದಿತ್ತು, ಇಡೀ ಸೀಸನ್ ಅದೇ ಕಾಲಿನಲ್ಲಿ ಆಡಿದ್ದ. ಇದನ್ನು ನಾನು ಆದರ್ಶ ಎಂದು ಹೇಳುತ್ತಿಲ್ಲ. ಹರಿದ ಕಾಲಿನಲ್ಲಿ ಆಡುವುದನ್ನು ಚಪ್ಪಾಳೆ ತಟ್ಟಿ ಪ್ರೋತ್ಸಾಹಿಸುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಪ್ಲೇಸ್‌ಮೆಂಟ್ ಸೆಲ್‌ನ ನೋಟಿಸ್ ಬೋರ್ಡ್ ಮುಂದೆ ನಿಂತವರಿಗೆಲ್ಲ ಈ ಸಾಲು ಬಾಯಿಪಾಠ: ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಶೇ 60ಕ್ಕಿಂತ ಹೆಚ್ಚು, ಬ್ಯಾಕ್‌ಲಾಗ್ ಇರಕೂಡದು. ಕೆಲವು ಕಂಪನಿಗಳು ಕಾಲೇಜಿನ ಹೆಸರು ನೋಡಿಯೇ ಬಸ್ಸು ಹತ್ತುವುದಿಲ್ಲ. ‘ಟಿಯರ್ ತ್ರೀ’ ಎಂದು ಹಣೆಪಟ್ಟಿ ಅಂಟಿಸಿ ಮುಗಿಸುತ್ತವೆ. ನನ್ನ ಬ್ಯಾಚ್‌ನಲ್ಲಿ ಒಬ್ಬನಿದ್ದಾನೆ. ಪಿಯುಸಿ ಪರೀಕ್ಷೆಯ ಹೊತ್ತಿಗೆ ಟೈಫಾಯ್ಡ್ ಬಂದು ಶೇ 57ಕ್ಕೆ ನಿಂತ. ಅದೇ ಹುಡುಗ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಮೊಬೈಲ್‌ಗೆ ಕರೆ ಮಾಡುವ, ಬಾವಿಯಲ್ಲಿ ನೀರು ಇಳಿದರೆ ಮೋಟರ್ ತಾನೇ ನಿಲ್ಲಿಸುವ ಒಂದು ಪೆಟ್ಟಿಗೆ ಮಾಡಿದ. ಅಂಗಡಿಯಲ್ಲಿ ಸಿಗುವ ಮೊಬೈಲ್ ಸ್ಟಾರ್ಟರ್ ವೋಲ್ಟೇಜ್ ಏರಿಳಿತಕ್ಕೆ ಸುಡುತ್ತದೆ ಎಂದು ಅವನ ಅಪ್ಪ ಗೊಣಗಿದ್ದಕ್ಕೆ ಶುರುವಾದ ಕೆಲಸ ಅದು. ಈಗ ಅವರೂರಿನ ನಾಲ್ಕು ಅಡಿಕೆ ತೋಟಗಳಲ್ಲಿ ಎರಡು ಮಳೆಗಾಲ ಕಳೆದು ಓಡುತ್ತಿದೆ. ಈ ವರ್ಷ ಬಂದ ಕಂಪನಿಯೊಂದರ ಆನ್‌ಲೈನ್ ಫಾರ್ಮ್ ಅವನ ಪಿಯುಸಿ ಅಂಕವನ್ನು ಕೇಳಿ, ಮುಂದಿನ ಪುಟವನ್ನೇ ತೆರೆಯಲಿಲ್ಲ. ಪೆಟ್ಟಿಗೆಯ ಬಗ್ಗೆ ಬರೆಯುವ ಜಾಗ ಇದ್ದದ್ದು ಆ ಮುಂದಿನ ಪುಟದಲ್ಲಿ.

ಐನೂರು ಅರ್ಜಿ ಬಂದಾಗ ಎಲ್ಲವನ್ನೂ ಓದಲಾಗುವುದಿಲ್ಲ, ಜರಡಿ ಬೇಕೇ ಬೇಕು ಎಂದು ಎಚ್‌ಆರ್ ಮಂದಿ ಹೇಳುತ್ತಾರೆ. ಒಪ್ಪೋಣ. ಆದರೆ ಹದಿನೇಳನೇ ವಯಸ್ಸಿನ ಒಂದು ಬೇಸಿಗೆಯ ಅಂಕ ಯಾವ ಜರಡಿ? ಸಿಗ್ನೆಟ್ಟಿ ಮತ್ತವರ ಸಹಾಯಕರಿಗೂ ಪೋರ್ಟಲ್‌ನಲ್ಲಿ ಸಾವಿರಾರು ಹೆಸರುಗಳಿದ್ದವು. ಅವರು ಜರಡಿ ಹಿಡಿದದ್ದು ಆಡಿದ ಪಂದ್ಯಗಳ ವಿಡಿಯೊಗೆ. ಎತ್ತರಕ್ಕೆ, ಕಾಲೇಜಿನ ಹೆಸರಿಗೆ ಹಿಡಿದಿದ್ದರೆ ಪಾಂಡ್ಸ್, ಸರಾಟ್ ಇಬ್ಬರೂ ಕೆಳಗೆ ಉದುರಿಹೋಗುತ್ತಿದ್ದರು.

ಇಷ್ಟು ಹೇಳಿದ ಮೇಲೆ, ಈ ಮಾದರಿಯಲ್ಲಿ ನನಗೆ ಮುಳ್ಳಿನಂತೆ ಚುಚ್ಚುವ ವಿಷಯಗಳನ್ನೂ ಹೇಳಬೇಕು.

ಒಂದು, ತನ್ನವರನ್ನೇ ಹದಿಮೂರು ಜನ ಕರೆದುಕೊಂಡು ಬರುವುದು ಶಿಫಾರಸು ಅಲ್ಲವೇ? ನಮ್ಮಲ್ಲಿ ‘ರೆಫರಲ್’ ಎಂದರೆ ಸಾಮಾನ್ಯವಾಗಿ ಮಾವನ ಸ್ನೇಹಿತನ ಫೋನ್ ನಂಬರ್. ಇಲ್ಲಿ ವ್ಯತ್ಯಾಸವಿದೆ ಎಂಬುದು ನನ್ನ ಅಭಿಪ್ರಾಯ. ಕೋಚ್‌ಗೆ ಆ ಹುಡುಗರ ಅಪ್ಪ ಯಾರು ಎಂಬುದಕ್ಕಿಂತ ಅವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಅಭ್ಯಾಸಕ್ಕೆ ಬರುತ್ತಾರೆ, ಸೋಲುವಾಗ ಹೇಗೆ ಆಡುತ್ತಾರೆ ಎಂಬುದು ಗೊತ್ತಿತ್ತು. ಹಾಗೆ ಬಂದ ಏಡನ್ ಫಿಶರ್, ಮಿಕೈಲ್ ಕಮಾರಾ ಇಬ್ಬರೂ ಆ ವರ್ಷ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರರ ಸಾಲಿನಲ್ಲಿ ನಿಂತರು. ಕೆಲಸ ನೋಡಿದವನು ಕೊಡುವ ಮಾತಿಗೂ ನೆಂಟನ ಮಾತಿಗೂ ಒಂದೇ ಬೆಲೆ ಕಟ್ಟಬಾರದು.

ಮೊದಲೇ ಅಲ್ಲಿದ್ದ ಹುಡುಗರ ಗತಿ ಇದಕ್ಕಿಂತ ದೊಡ್ಡ ಪ್ರಶ್ನೆ. ಹೊಸಬರು ಕೂರಬೇಕಾದರೆ ಹಳಬರು ಏಳಬೇಕು. ಡೊನಾವೆನ್ ಮೆಕಲಿ 2023ರಲ್ಲಿ ಇಂಡಿಯಾನಾದ ಪ್ರಮುಖ ರಿಸೀವರ್. 2024ರ ಸೀಸನ್ ನಡುವೆಯೇ ಆಟ ನಿಲ್ಲಿಸಿ, ಆಮೇಲೆ ಮಿಶಿಗನ್‌ಗೆ ಹೋದ. ಸೋತ ವರ್ಷಗಳಲ್ಲಿ ಮೈ ನೋಯಿಸಿಕೊಂಡವರು ಗೆದ್ದ ವರ್ಷದ ಫೋಟೊದಲ್ಲಿ ಇರುವುದಿಲ್ಲ. ಇದಕ್ಕೆ ಅಪವಾದವಾಗಿ ನನಗೆ ಇಷ್ಟವಾದವನು ಮೈಕ್ ಕ್ಯಾಟಿಕ್. 2019ರಲ್ಲೇ ಇಂಡಿಯಾನಾ ಸೇರಿದ್ದ. ಎರಡು ಗೆಲುವಿನ ವರ್ಷ, ನಾಲ್ಕರ ವರ್ಷ, ಮೂರರ ವರ್ಷ ಎಲ್ಲ ಕಂಡಿದ್ದ. ಆರನೇ ವರ್ಷದಲ್ಲಿ ಸೆಂಟರ್ ಜಾಗದಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ದಾಟಿಸಿದ. ರೀಲ್‌ನಲ್ಲಿ ಈತ ಬರುವುದಿಲ್ಲ. ಸೆಂಟರ್ ಆಡುವವನ ಮುಖ ಟಿವಿಯಲ್ಲೂ ಕಾಣುವುದಿಲ್ಲ, ಬಗ್ಗಿಯೇ ಇರುತ್ತಾನೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸೀಸನ್ ಮುಗಿಯುವ ಮೊದಲೇ ಸಿಗ್ನೆಟ್ಟಿಗೆ ಎಂಟು ವರ್ಷಕ್ಕೆ 7.2 ಕೋಟಿ ಡಾಲರ್‌ನ ಹೊಸ ಕರಾರು ಸಿಕ್ಕಿತು, ನಮ್ಮ ಲೆಕ್ಕದಲ್ಲಿ ಸುಮಾರು 600 ಕೋಟಿ ರೂಪಾಯಿ. ಒಂದು ವಿಶ್ವವಿದ್ಯಾಲಯ ಆಟದ ಕೋಚ್‌ಗೆ ಇಷ್ಟು ಕೊಡುವುದು ಹುಚ್ಚು ಎನ್ನುವವರ ಕಡೆಗೇ ನಾನಿದ್ದೇನೆ. ಆದರೆ ಗೆಲುವನ್ನು ಬರೀ ದುಡ್ಡಿನಿಂದ ವಿವರಿಸಲಾಗದು. ಆ ಲೀಗ್‌ನಲ್ಲಿ ಇಂಡಿಯಾನಾಗಿಂತ ಶ್ರೀಮಂತ ತಂಡಗಳು ಬೇಕಾದಷ್ಟಿವೆ.

ನಿಜವಾಗಿ ನಿದ್ದೆಗೆಡಿಸುವುದು ಇನ್ನೊಂದು. ಮಾಡಿದ ಕೆಲಸವೇ ಮುಖ್ಯ ಎಂದಾದರೆ, ಇನ್ನೂ ಕೆಲಸ ಮಾಡಲು ಅವಕಾಶವೇ ಸಿಗದವನು ಏನು ತೋರಿಸಬೇಕು? ಇದು ನಮ್ಮೆಲ್ಲರ ಪ್ರಶ್ನೆ. ಜಾಹೀರಾತಿನಲ್ಲಿ ‘ಫ್ರೆಶರ್ಸ್’ ಎಂದು ಹಾಕಿ, ಕೆಳಗೆ ಎರಡು ವರ್ಷ ಅನುಭವ ಕೇಳುವವರನ್ನು ನೋಡಿಲ್ಲದವರು ಯಾರಿದ್ದಾರೆ? ಹೈಸ್ಕೂಲ್ ಮುಗಿಸಿ ನೇರ ಇಂಡಿಯಾನಾಗೆ ಬಂದ ಹುಡುಗನಿಗೆ, ಇಪ್ಪತ್ತೆರಡು ಇಪ್ಪತ್ತಮೂರರ ಅನುಭವಿಗಳು ತುಂಬಿದ ಆ ತಂಡದಲ್ಲಿ ಜಾಗ ಸಿಗುವುದು ಸುಲಭವಿರಲಿಲ್ಲ. ಎಲ್ಲರೂ ಬೆಂದ ಅನ್ನವನ್ನೇ ಹುಡುಕಿದರೆ ಅಕ್ಕಿ ಹಾಕುವವರು ಯಾರು?

ಅಕ್ಕಿ ಹಾಕಿದವರು ಸೇಂಟ್ ಫ್ರಾನ್ಸಿಸ್‌ನವರು, ಜೇಮ್ಸ್ ಮ್ಯಾಡಿಸನ್‌ನವರು. ಹೆಸರಿಲ್ಲದ ಹುಡುಗನನ್ನು ಮೊದಲ ಬಾರಿ ಕಣಕ್ಕೆ ಇಳಿಸಿದ್ದು ಅವರು. ಆದ್ದರಿಂದ ದೊಡ್ಡ ಕಂಪನಿಯ ಆಫರ್ ಲೆಟರ್‌ಗೆ ಕಾಯುತ್ತ ವರ್ಷ ಕಳೆಯುವ ಸೀನಿಯರ್‌ಗಳನ್ನು ಕಂಡರೆ ನನಗೆ ಕಸಿವಿಸಿ. ಪೀಣ್ಯದ ಅಥವಾ ಹುಬ್ಬಳ್ಳಿ ಕೈಗಾರಿಕಾ ಪ್ರದೇಶದ ಹದಿನೈದು ಜನರ ವರ್ಕ್‌ಶಾಪ್‌ನಲ್ಲಿ, ಮಷಿನ್ ಮುಟ್ಟಲು ಬಿಡುವ ಕಡೆ, ಸಣ್ಣ ಸಂಬಳಕ್ಕೆ ಸೇರುವುದನ್ನು ನಾವು ಅವಮಾನ ಎಂದುಕೊಂಡಿದ್ದೇವೆ. ಮನೆಯಲ್ಲಿ ಸಾಲದ ಕಂತು ಇರುವವನಿಗೆ ಈ ಮಾತು ಹೇಳುವುದು ಸುಲಭ, ಬದುಕುವುದು ಕಷ್ಟ ಎಂಬುದೂ ಗೊತ್ತು; ಎಂಟು ಸಾವಿರ ಸ್ಟೈಪೆಂಡ್‌ನಲ್ಲಿ ಪಿಜಿ ಬಾಡಿಗೆಯೇ ಹುಟ್ಟುವುದಿಲ್ಲ. ಹಾಗಿದ್ದರೆ ಆ ಸಣ್ಣ ಜಾಗಗಳಿಗೂ, ಅಲ್ಲಿ ಕಲಿಯುವವರಿಗೂ ಬದುಕುವಷ್ಟು ದುಡ್ಡು ಕೊಡಿಸುವ ಬಗ್ಗೆ ಸರ್ಕಾರ ಮತ್ತು ಕಾಲೇಜುಗಳು ಮಾತಾಡಬೇಕು. ಪ್ಲೇಸ್‌ಮೆಂಟ್ ಸೆಲ್ ಬ್ಯಾನರ್‌ನಲ್ಲಿ ಅತಿ ದೊಡ್ಡ ಪ್ಯಾಕೇಜ್ ಪಡೆದವನ ಫೋಟೊ ಹಾಕುವ ಬದಲು.

ಇಂಡಿಯಾನಾದ ಆ ಸೀಸನ್ ಸೋಲಿನಲ್ಲೇ ಮುಗಿಯಿತು. ಓಹಾಯೋ ಸ್ಟೇಟ್ ವಿರುದ್ಧ 38-15ರಿಂದ ಸೋತಿದ್ದರು. ಆ ವರ್ಷ ಮೊದಲ ಬಾರಿಗೆ 12 ತಂಡಗಳ ರಾಷ್ಟ್ರೀಯ ಪ್ಲೇಆಫ್ ನಡೆಯಿತು. ಡಿಸೆಂಬರ್ 20ರಂದು ಅದರ ಮೊದಲ ಸುತ್ತಿನಲ್ಲೇ ನೋಟರ್ ಡೇಮ್ ವಿರುದ್ಧ 27-17ರ ಸೋಲು. ಒಟ್ಟು 11 ಗೆಲುವು, 2 ಸೋಲು. ಈ ತಂಡಕ್ಕೆ ಪ್ಲೇಆಫ್ ಆಡುವ ಯೋಗ್ಯತೆಯೇ ಇರಲಿಲ್ಲ, ಬಡಪಾಯಿ ತಂಡಗಳನ್ನು ಸೋಲಿಸಿ ಬಂದಿದೆ ಎಂದು ಟಿವಿಯಲ್ಲಿ ಕೂತವರು ತೀರ್ಪು ಕೊಟ್ಟರು. ಸಣ್ಣ ಕಾಲೇಜಿನಿಂದ ಬಂದು ಮೊದಲ ಅಪ್ರೈಸಲ್‌ನಲ್ಲಿ ಎಡವಿದವನಿಗೆ ಹೇಳುವ ಮಾತಿನ ಹಾಗೆಯೇ. ಒಂದು ತಿಂಗಳ ನಂತರ ಫೈನಲ್‌ನಲ್ಲಿ ಎದುರುಬದುರಾದ ತಂಡಗಳು ಯಾವುವು ಗೊತ್ತೇ? ಅದೇ ಓಹಾಯೋ ಸ್ಟೇಟ್ ಮತ್ತು ಅದೇ ನೋಟರ್ ಡೇಮ್. ಇಂಡಿಯಾನಾ ಇಡೀ ಸೀಸನ್‌ನಲ್ಲಿ ಸೋತದ್ದು ಆ ಇಬ್ಬರಿಗೆ ಮಾತ್ರ. ಮುಂದಿನ ಸೀಸನ್‌ನಲ್ಲಿ ಅವರು ಹದಿನಾರಕ್ಕೆ ಹದಿನಾರು ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದರು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೊಝಾ ಕೂಡ ಪೋರ್ಟಲ್‌ನಿಂದ ಬಂದವನೇ. ಹೈಸ್ಕೂಲ್ ಮುಗಿಸುವಾಗ ದೊಡ್ಡ ತಂಡಗಳು ಹೆಚ್ಚು ಕಣ್ಣೆತ್ತಿ ನೋಡಿರದ ಹುಡುಗ.

ಇನ್ನು ಹದಿಮೂರು ಆಟಗಾರರು, ಕೋಚ್, ಅವರ ಮುಖ್ಯ ಸಹಾಯಕರು ಎಲ್ಲರೂ ಗಂಟುಮೂಟೆ ಕಟ್ಟಿದ ಮೇಲೆ ಜೇಮ್ಸ್ ಮ್ಯಾಡಿಸನ್ ಏನಾಯಿತು? ಖಾಲಿ ಮನೆಯಾಗಬೇಕಿತ್ತು. ಅವರು ಹೋಲಿ ಕ್ರಾಸ್ ಎಂಬ ಇನ್ನೂ ಸಣ್ಣ ಕಾಲೇಜಿನಿಂದ ಬಾಬ್ ಚೆಸ್ನಿ ಎಂಬ ಕೋಚ್‌ನನ್ನು ಕರೆತಂದರು. 2023ರಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಬೆಂಚಿನಲ್ಲಿದ್ದ ಅಲಾಂಝೊ ಬಾರ್ನೆಟ್‌ಗೆ ಜಾಗ ಸಿಕ್ಕಿತು. 2024ರ ಸೆಪ್ಟೆಂಬರ್‌ನಲ್ಲಿ ಆತನ ಮುಂದಾಳತ್ವದಲ್ಲಿ ತಂಡ ನಾರ್ತ್ ಕೆರೊಲಿನಾಗೆ ಅವರ ಅಂಗಳದಲ್ಲೇ 70-50ರ ಏಟು ಕೊಟ್ಟಿತು. ಆ ವರ್ಷ ಒಟ್ಟು ಒಂಬತ್ತು ಗೆಲುವು. 2025ರಲ್ಲಿ ರಾಷ್ಟ್ರೀಯ ಪ್ಲೇಆಫ್‌ಗೆ ಆಯ್ಕೆಯಾದ 12 ತಂಡಗಳ ಪಟ್ಟಿ ಬಂದಾಗ ಮೊದಲ ಸ್ಥಾನದಲ್ಲಿ ಇಂಡಿಯಾನಾ ಇತ್ತು, ಹನ್ನೆರಡನೇ ಸ್ಥಾನದಲ್ಲಿ ಜೇಮ್ಸ್ ಮ್ಯಾಡಿಸನ್.